ಸ್ವಂತ ಇಚ್ಛೆಯ ರಾಜೀನಾಮೆ

ಐರೋಲಿಯ ಕಂಪನಿಯೊಂದರಲ್ಲಿ ಒಂಬತ್ತು ವರ್ಷ ಎಚ್‌ಆರ್ ಕೆಲಸ ಮಾಡಿದವಳು ನಾನು. ಎಷ್ಟೋ ಜನರ ರೆಸ್ಯೂಮೆ ಓದಿ ಪಕ್ಕಕ್ಕೆ ಎಸೆದಿದ್ದೇನೆ. ಕೆಲಸ ಹೋದ ಮೇಲೆ ಡೊಂಬಿವಲಿಯ ಮನೆಯಲ್ಲಿ ನನ್ನದನ್ನೇ ಬರೆಯಲು ಕೂತಾಗ ಮೈಯೆಲ್ಲ ಉರಿಯಿತು. ಲಾಕ್‌ಡೌನ್‌ನಲ್ಲಿ ಐದು ತಿಂಗಳು ಸಂಬಳವಿಲ್ಲದೆ ನಮ್ಮನ್ನು ಮನೆಯಲ್ಲಿ ಕೂರಿಸಿದ್ದರು. ಅದಕ್ಕೆ ಅವರಿಟ್ಟ ಹೆಸರು ರಜೆ! ಹೊಟ್ಟೆಗಿಲ್ಲದ ರಜೆ ಕೊಡಿ ಎಂದು ಕೇಳಿದ್ದು ಯಾರು? ಕಳೆದ ವರ್ಷ ನಮ್ಮನ್ನು ಕೆಲಸದಿಂದಲೇ ತೆಗೆದುಹಾಕಿದರು.

ಎರಡನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಹಿಂದೆ ನಿಂತು ಓದಿದ ಗಂಡ ಗಾಬರಿಯಾದರು.

"ತೆಗೆದ್ರು ಅಂತ ಯಾಕ ಬರೀತಿ? ಪರ್ಸನಲ್ ರೀಸನ್ ಅಂತ ಹಾಕು. ಎಲ್ಲಾರೂ ಹಂಗ ಮಾಡ್ತಾರ."

"ನಾ ಏನ್ ಕಳವು ಮಾಡೇನೇನ್ರಿ, ಮುಚ್ಚಿಡಾಕ?" ಎಂದು ಹರಿಹಾಯ್ದೆ. ಪಾಪ, ಅವರು ಚಹಾ ಇಡಲು ಒಳಗೆ ಹೋದರು.

ಎಂಟು ತಿಂಗಳು ಅಲೆದ ಮೇಲೆ ಸೀವುಡ್ಸ್‌ನ ಒಂದು ಆಫೀಸಿನಿಂದ ಕರೆ ಬಂತು. ಇದಾದರೂ ಸಿಗಲೇಬೇಕಿತ್ತು. ಸಂದರ್ಶನ ಮಾಡಿದವರು ಉಡುಪಿ ಕಡೆಯ ಹೆಂಗಸು. ನನ್ನ ಅಡ್ಡಹೆಸರು ನೋಡಿ ಕನ್ನಡಕ್ಕೆ ಇಳಿದರು. ಅರ್ಧ ಗಂಟೆ ಎಲ್ಲ ಚೆನ್ನಾಗಿಯೇ ನಡೆಯಿತು. ಆಮೇಲೆ ಕೆಲಸ ಬಿಡುವಾಗ ಹಳೆಯ ಕಂಪನಿ ಕೊಟ್ಟ ರಿಲೀವಿಂಗ್ ಲೆಟರನ್ನು ರೆಸ್ಯೂಮೆಯ ಪಕ್ಕದಲ್ಲಿಟ್ಟರು.

"ನೀವು ಲೇಆಫ್ ಅಂತ ಬರೆದಿದ್ದೀರಿ. ಇದರಲ್ಲಿ ಸ್ವಂತ ಇಚ್ಛೆಯಿಂದ ರಾಜೀನಾಮೆ ಅಂತ ಉಂಟಲ್ಲ?"

"ರಾಜೀನಾಮೆ ಬರೆದುಕೊಟ್ರ ಮಾತ್ರ ಲೆಟರ್ ಕೊಡ್ತೀವಿ ಅಂದ್ರು, ಮೇಡಂ. ಎಲ್ಲಾರ ಕಡೆಯಿಂದಾನೂ ಹಂಗ ಸಹಿ ಹಾಕಿಸ್ಕೊಂಡ್ರು. ಕಾಗದದ ಮ್ಯಾಲೆ ಕಂಪನಿ ಯಾರನ್ನೂ ತೆಗದೇ ಇಲ್ಲ!" ನನ್ನ ದನಿ ಏರಿತ್ತು. "ಲೆಟರ್ ಸುಳ್ಳದ. ನಾ ಬರದದ್ದು ಖರೆ."

"ಇಷ್ಟು ಚೆಂದದ ಸುಳ್ಳನ್ನು ಬರೆದದ್ದು ಯಾರು ಮಾರಾಯ್ರೆ?" ಎಂದು ಅವರು ನಕ್ಕರು.

ಆ ರಾಜೀನಾಮೆಯ ನಮೂನೆಯನ್ನು ಒಂದು ಮಧ್ಯಾಹ್ನ ಕೂತು ಟೈಪ್ ಮಾಡಿದವಳು ನಾನು. ನಾಲ್ಕೇ ಸಾಲು. ಅಚ್ಚುಕಟ್ಟಾಗಿದೆ ಎಂದು ಸಾಹೇಬರು ಹೊಗಳಿದಾಗ ಖುಷಿಪಟ್ಟಿದ್ದೆ. ಮೂವತ್ತೆಂಟು ಜನ ನನ್ನ ಮೇಜಿನ ಮುಂದೆ ಕೂತು ಅದಕ್ಕೆ ಸಹಿ ಹಾಕಿದರು. ಅಕೌಂಟ್ಸ್‌ನ ಹಿರಿಯರೊಬ್ಬರು, "ನನಗೆ ಬಿಡುವ ಇಚ್ಛೆ ಇಲ್ಲವಲ್ಲ?" ಎಂದಾಗ, "ನಿಮ್ಮ ಒಳ್ಳೇದಕ್ಕೇ ರೀ, ಹಾಕಿಬಿಡ್ರಿ" ಎಂದು ಪೆನ್ನು ಕೊಟ್ಟಿದ್ದೆ. ವಾರ ಕಳೆದ ಮೇಲೆ ಅದೇ ನಮೂನೆಯಲ್ಲಿ ನನ್ನ ಹೆಸರು ತುಂಬಿಸಿದರು.

"ನಾನೇ ಬರದದ್ದು" ಎಂದೆ. ಅವರ ನಗು ನಿಂತಿತು. ಆ ಕೆಲಸ ನನಗೆ ಸಿಗಲಿಲ್ಲ.

ಕಂಪನಿಯ ಮೇಲಿನ ಸಿಟ್ಟು ಇವತ್ತಿಗೂ ಆರಿಲ್ಲ. ಆದರೆ ಆ ಮೂವತ್ತೆಂಟು ಜನರಿಗೆ, ಸುಳ್ಳು ಬರೆದದ್ದು ಯಾರೆಂದು ಯಾರಾದರೂ ಕೇಳಿದರೆ, ತೋರಿಸಲು ನಾನಾದರೂ ಇದ್ದೇನೆ. ನಾನು ಯಾರ ಕಡೆ ಬೆರಳು ತೋರಿಸಲಿ?