ಅತ್ತೆಯ ಗಾಳಿ, ಸಿಸ್ಟರಮ್ಮನ ಮಲೇರಿಯಾ

1951ರ ಮಾತು. ನಾನು ಬಳ್ಳಾರಿ ಬ್ರೂಸ್‌ಪೇಟೆಯ ಹುಡುಗಿ, ಎಂಟನೇ ಕ್ಲಾಸು ಪಾಸಾದವಳು. ಸಿರುಗುಪ್ಪದ ಹತ್ತಿರದ ರಾರಾವಿ ಎಂಬ ಹಳ್ಳಿಗೆ ಸೊಸೆಯಾಗಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಓದಿದವಳೆಂಬ ಜಂಬ ಮಾತ್ರ ಬೇಕಾದಷ್ಟಿತ್ತು.

ಆ ವರ್ಷ ಭತ್ತದ ಗದ್ದೆಗೆ ನೀರು ಬಿಟ್ಟ ಮೇಲೆ ಅತ್ತೆಗೆ ಚಳಿಜ್ವರ ಹಿಡಿಯಿತು. ದಿನ ಬಿಟ್ಟು ದಿನ, ಸರಿಯಾಗಿ ಮಧ್ಯಾಹ್ನಕ್ಕೆ ನಡುಕ. ಎರಡು ಕೌದಿ ಹೊದಿಸಿ ನಾನು ಒತ್ತಿ ಹಿಡಿದರೂ ಮಂಚ ಅಲುಗಾಡುತ್ತಿತ್ತು.

"ಹೊಳಿ ದಂಡಿಮ್ಯಾಲ ಗಾಳಿ ಸೋಕೈತಿ" ಎಂದರು ಅತ್ತೆ. ಕೈಗೆ ಮಂತ್ರಿಸಿದ ದಾರವೂ ಬಂತು. ನಾನು ಕಿಸಕ್ಕನೆ ನಕ್ಕೆ.

"ಗಾಳೀನೂ ಇಲ್ಲ, ದೆವ್ವಾನೂ ಇಲ್ಲ. ಇದು ಮಲೇರಿಯಾ, ಸೊಳ್ಳಿ ಕಡದು ಬರ್ತೈತಿ. ನಿಮಗೇನು ಗೊತ್ತು?"

ನೆರೆಯ ಹೆಂಗಸರ ಮುಂದೆಯೇ ಅಂದುಬಿಟ್ಟೆ. ಅತ್ತೆ ಮುಖವನ್ನು ಗೋಡೆಗೆ ತಿರುಗಿಸಿದರು.

ನನ್ನ ಗಂಡ ಸಿರುಗುಪ್ಪದಿಂದ ಕ್ವಿನೈನ್ ಮಾತ್ರೆ ತಂದರು. ಅತ್ತೆ ದಿನಾ ಇಸಿದುಕೊಳ್ಳುತ್ತಿದ್ದರು, ಜ್ವರ ಮಾತ್ರ ಇಳಿಯಲಿಲ್ಲ. ಹದಿನೈದು ದಿನದ ಮೇಲೆ ಕಸ ಗುಡಿಸುವಾಗ ನೋಡಿದರೆ, ಮಾತ್ರೆಗಳೆಲ್ಲ ಮಂಚದ ಕೆಳಗಿನ ಹಳೆಯ ಗಡಿಗೆಯಲ್ಲಿ!

"ನಿನ್ನ ಇಂಗ್ಲಿಷ್ ರೋಗ ನನಗ ಬಂದಿಲ್ಲವ್ವ. ಅದರ ಗುಳಿಗಿ ನಾ ಯಾಕ ನುಂಗ್ಲಿ?" ಎಂದರು. ಅಷ್ಟರಲ್ಲಿ ಅವರಿಗೆ ಎದ್ದು ನಿಲ್ಲುವ ಶಕ್ತಿಯೂ ಉಳಿದಿರಲಿಲ್ಲ. ಆಗ ನನಗೆ ಮೊದಲ ಸಲ ಭಯವಾಯಿತು.

ಗಾಡಿಯಲ್ಲಿ ಸಿರುಗುಪ್ಪಕ್ಕೆ, ಅಲ್ಲಿಂದ ಬಸ್ಸಿನಲ್ಲಿ ಬಳ್ಳಾರಿಗೆ ಕರೆದೊಯ್ದೆವು. ಮಿಷನ್ ದವಾಖಾನೆಯಲ್ಲಿ ಇಟಲಿಯಿಂದ ಬಂದಿದ್ದ ವಯಸ್ಸಾದ ಸಿಸ್ಟರ್ ಒಬ್ಬರಿದ್ದರು. ಅವರ ಕನ್ನಡದಲ್ಲಿ ತೆಲುಗೂ ಬೆರೆತಿರುತ್ತಿತ್ತು. "ಏಮಮ್ಮಾ, ಏನಾಗ್ತದೆ?" ಎಂದು ಕೇಳಿದರು. ಅತ್ತೆ ನನ್ನ ಕಡೆ ನೋಡಿದರು.

"ಗಾಳಿ ಸೋಕೈತಂತ್ರಿ ಸಿಸ್ಟರ್. ಮಲೇರಿಯಾ ಅಂದ್ರ ಇಂಗ್ಲಿಷ್ ರೋಗ ಅಂತಾರ. ಏನ್ ಹೇಳಿದ್ರೂ ಕೇಳಂಗಿಲ್ಲ" ಎಂದೆ, ಅವರೂ ನಗುತ್ತಾರೆಂದುಕೊಂಡು.

ಸಿಸ್ಟರ್ ನಗಲಿಲ್ಲ. ಸ್ಟೂಲು ಎಳೆದು ಅತ್ತೆಯ ಪಕ್ಕದಲ್ಲಿ ಕೂತರು. "ಮಲೇರಿಯಾ ಇಂಗ್ಲಿಷ್ ಮಾತು ಅಲ್ಲಮ್ಮಾ, ನಮ್ಮ ದೇಶದ ಮಾತು. ಮಾಲಾ ಅಂದ್ರೆ ಕೆಟ್ಟದು. ಆರಿಯಾ ಅಂದ್ರೆ ಗಾಳಿ. ನಮ್ಮ ಊರ ಪಕ್ಕ ಕೆಸರು ನೀರು ನಿಲ್ತಿತ್ತು. ಕೆಟ್ಟ ಗಾಳಿ ಬರ್ತದೆ ಅಂತ ನಮ್ಮ ಅಮ್ಮ ಸಂಜೆಗೇ ಕಿಟಕಿ ಮುಚ್ಚೋದು. ಆಮೇಲೆ ಗೊತ್ತಾಯ್ತು, ಬರ್ತಿದ್ದದ್ದು ಸೊಳ್ಳೆ ಅಂತ. ಹೆಸರು ಹಂಗೇ ಉಳೀತು."

ಅತ್ತೆ ಕಣ್ಣರಳಿಸಿದರು. "ನಿಮ್ಮವ್ವಾರೂ ಗಾಳಿ ಅಂತಿದ್ರೇನ್ರಿ?"

"ಹೂಂ ಅಮ್ಮಾ."

"ಹಂಗಾದ್ರ ಕೊಡ್ರಿ ಇತ್ಲಾಗ."

ಕಹಿಗೆ ಮುಖ ಕಿವುಚಿಕೊಂಡು ನನ್ನೆದುರೇ ಮಾತ್ರೆ ನುಂಗಿದರು. ಕೈಯ ದಾರವನ್ನು ಬಿಚ್ಚಲಿಲ್ಲ. ಸಿಸ್ಟರ್ ಬಿಚ್ಚು ಎಂದೂ ಅನ್ನಲಿಲ್ಲ.

ಹತ್ತು ದಿನದಲ್ಲಿ ಜ್ವರ ಬಿಟ್ಟಿತು. ಊರಿಗೆ ಬಂದ ಮೇಲೆ ಅತ್ತೆ ನೆರೆಯವರಿಗೆಲ್ಲ ಹೇಳಿದ್ದೇ ಹೇಳಿದ್ದು: "ಮಲೇರಿಯಾ ಅಂದ್ರ ಕೆಟ್ಟ ಗಾಳಿ. ನಮ್ಮ ಸೊಸಿಗೆ ಗೊತ್ತಿದ್ದಿಲ್ಲ, ಪಾಪ. ಎಂಟನೇ ಕ್ಲಾಸಿನಾಗ ಅದನ್ನ ಕಲಸಂಗಿಲ್ಲಂತ!" ಎಲ್ಲರೂ ನಕ್ಕರು. ನಾನೂ ತಲೆ ತಗ್ಗಿಸಿ ನಕ್ಕೆ.

ಸೊಳ್ಳೆಯ ವಿಷಯದಲ್ಲಿ ನಾನು ಹೇಳಿದ್ದೇ ನಿಜ. ಆದರೂ ಆ ಗಡಿಗೆಯಲ್ಲಿದ್ದ ಮಾತ್ರೆಗಳು ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ. ಅವನ್ನು ಅಲ್ಲಿ ಹಾಕಿಸಿದ್ದು ನನ್ನ ನಗುವೇ.