ಒಂದೇ ಮಗ್ಗುಲು ಉಜ್ಜಿದ ಹುಣಸೆ ಬೀಜ

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ನಮ್ಮ ಮನೆ ಮುಂದಿನ ಕಟ್ಟೆಗಲ್ಲು ಬಿಸಿಲಿಗಿಂತ ಹೆಚ್ಚಾಗಿ ನಮ್ಮ ಕೈಯಿಂದಲೇ ಕಾಯುತ್ತಿತ್ತು. ಚೌಕಾಬಾರ ಆಡಲು ಹುಣಸೆ ಬೀಜದ ಒಂದು ಮಗ್ಗುಲನ್ನು ಬಿಳಿ ಕಾಣುವವರೆಗೆ ಅದರ ಮೇಲೆ ಉಜ್ಜುತ್ತಿದ್ದೆವು. ಸುಟ್ಟ ವಾಸನೆ ಏಳುತ್ತಿತ್ತು. ಕಾದ ಬೀಜವನ್ನು ನನ್ನ ತೋಳಿಗೊತ್ತಿ ಚುರ್ರೆನಿಸಿ ನನ್ನಕ್ಕ ಗಿರಿಜಕ್ಕ ಓಡಿಬಿಡುತ್ತಿದ್ದಳು.

ತೊಗರ್ಸಿ ಹತ್ತಿರದ ನಮ್ಮೂರಲ್ಲಿ ಅಪ್ಪ ಕುರಿ ಸಾಕಿದ್ದರು. ಆ ಬೇಸಿಗೆ ನನ್ನ ಮುದ್ದಿನ ಕುರಿ ಕೆಂಚಿ ಗಬ್ಬವಾಗಿತ್ತು.

"ಹೆಣ್ಣುಮರಿ ಆದ್ರೆ ನಿಂಗೆ. ಗಂಡಾದ್ರೆ ಸಂತೆಗೆ" ಎಂದಿದ್ದರು ಅಪ್ಪ. ಅಕ್ಕನಿಗೆ ಇನ್ನೊಂದು ಕುರಿಯ ಹೆಣ್ಣುಮರಿ ಆಗಲೇ ಸಿಕ್ಕಿತ್ತು.

ಕೆಂಚಿ ಹಿಂದೆಲ್ಲ ಗಂಡುಮರಿಯನ್ನೇ ಹಾಕಿತ್ತು. ಈ ಸಲ ಹೆಣ್ಣಿನ ಸರದಿ ಎಂದು ನಾನು ಕುಣಿಯುತ್ತಿದ್ದೆ.

ಹೈಸ್ಕೂಲಿನಲ್ಲಿ ಸಂಭವನೀಯತೆ ಕಲಿತಿದ್ದ ಅಕ್ಕ ನಕ್ಕಳು. "ಸರದಿ ಗಿರದಿ ಇಲ್ಲ ಕಣೇ. ಕುರಿ ಏನ್ ಲೆಕ್ಕ ಇಟ್ಕೊಂಡೈತಾ? ಪ್ರತಿ ಸಲಾನೂ ಅರ್ಧಕ್ಕರ್ಧ. ಬೇಕಾದ್ರೆ ಈ ಬೀಜ ಎಸೆದು ನೋಡು, ಕರಿ ಅರ್ಧ, ಬಿಳಿ ಅರ್ಧ ಬೀಳ್ತೈತೆ."

ಸಂಜೆವರೆಗೂ ಎಸೆದೆವು. ಕರಿಯೇ ಹೆಚ್ಚು ಬಿತ್ತು.

"ನಿನ್ ಪುಸ್ತಕ ಸುಳ್ಳು!" ಎಂದು ಚಪ್ಪಾಳೆ ತಟ್ಟಿದೆ.

ಅಕ್ಕನ ಮುಖ ಸಣ್ಣದಾಯಿತು. ಬೀಜವನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸಿ ನೋಡಿದಳು. "ಉಜ್ಜಿ ಉಜ್ಜಿ ಬಿಳಿ ಕಡೆ ಚಪ್ಪಟೆ ಮಾಡೀವಿ. ಅದು ಕೆಳಗಾಗೇ ಕೂತ್ಕೊಳ್ತೈತೆ, ಕರಿ ಮೇಲೆ ಬರ್ತೈತೆ. ಪುಸ್ತಕದ ಅರ್ಧ, ಎರಡೂ ಮಗ್ಗುಲು ಒಂದೇ ಥರ ಇದ್ರೆ ಮಾತ್ರ. ಎಸೆದಿದ್ಕೆ ಗೊತ್ತಾತು ನೋಡು."

"ಹಂಗಾದ್ರೆ ಕೆಂಚೀನೂ ಗಂಡಿನ ಕಡೆಗೇ ಚಪ್ಪಟೆ ಇರಬೋದಲ್ಲ?"

"ಲೇ, ಕುರಿ ಹೊಟ್ಟೇನ ಯಾರೂ ಕಲ್ಲಿಗೆ ಉಜ್ಜಿಲ್ಲ! ಎರಡು ಮೂರು ಮರಿ ನೋಡಿ ಏನೂ ಹೇಳಕ್ಕಾಗಲ್ಲ. ಬಾಳ ನೋಡ್ಬೇಕು."

ಕೆಂಚಿ ಈದದ್ದು ಗಂಡುಮರಿ. ನಾನು ಹುಲ್ಲಿನ ಬಣವೆ ಹಿಂದೆ ಕೂತು ಅತ್ತೆ. ಅಕ್ಕ ಸೀದಾ ಅಪ್ಪನ ಮುಂದೆ ಹೋಗಿ ನಿಂತಳು.

"ಸಂತೆಗೆ ನನ್ ಮರಿ ಹೊಡ್ಕೊಂಡ್ ಹೋಗ್ರಿ. ಇದನ್ನ ಇವಳಿಗೆ ಬಿಡ್ರಿ."

"ಹೆಣ್ಣುಮರಿ ಯಾರಾದ್ರೂ ಮಾರ್ತಾರೇನೇ, ಹುಚ್ಚಿ?" ಎಂದು ಗದರಿದ ಅಪ್ಪ, ಅವಳ ಮುಖ ನೋಡಿ ಮೆತ್ತಗಾದರು. "ಮಂದೆಗೆ ಒಂದು ಟಗರು ಬೇಕೇ ಬೇಕು. ಇರ್ಲಿ ಬಿಡು, ಎರಡೂ ಇರ್ಲಿ."

ಗಿರಿಜಕ್ಕ ತೀರಿಕೊಂಡು ಈ ಮಳೆಗಾಲಕ್ಕೆ ವರ್ಷವಾಯಿತು. ಒಂದು ಕೆಲಸ ಆದೀತೋ ಆಗಲಿಕ್ಕಿಲ್ಲವೋ ಎಂದು ತೂಗಿ ನೋಡಲು ನನಗೀಗ ಬರುತ್ತದೆ. ಆಗದೇ ಹೋದ ದಿನ, ನನಗಾಗಿ ತನ್ನದನ್ನು ಬಿಟ್ಟುಕೊಡಲು ಎದ್ದು ನಿಲ್ಲುವವಳು ಮಾತ್ರ ಇಲ್ಲ.