ಹಡಗು ಹತ್ತಿದ ಮೊಟ್ಟೆ

ಸಾದಲಿಯ ಗಂಗುಲಮ್ಮನ ಹುಳುಮನೆಗೆ ಕಾಲಿಡಬೇಕಾದರೆ ಸ್ವಂತ ಸೊಸೆಯೂ ಬಾಗಿಲಲ್ಲಿ ನಿಂತು ಕೇಳಬೇಕಿತ್ತು. ಹೆಂಗಸಿನ ಜಂಭ ಅಷ್ಟಿಷ್ಟಲ್ಲ. ರೇಷ್ಮೆ ಇಲಾಖೆಯವರು ಕೊಡುವ ಮೊಟ್ಟೆ ಅವಳಿಗೆ ಬೇಡ. ಅವಳದು ಅತ್ತೆಯ ಕಾಲದಿಂದ ಮನೆಯಲ್ಲೇ ಉಳಿಸಿಕೊಂಡು ಬಂದ ತಳಿ. ಪ್ರತಿ ಬೆಳೆಯಲ್ಲೂ ಒಳ್ಳೆಯ ಗೂಡು ಆರಿಸಿ, ಚಿಟ್ಟೆ ಬಿಡಿಸಿ, ಕಾಗದದ ಮೇಲೆ ಮೊಟ್ಟೆ ಇಡಿಸಬೇಕು. ಮುಂದಿನ ಬೆಳೆ ಅದರಿಂದಲೇ. ಒಂದು ಸಲ ಕೈತಪ್ಪಿದರೆ ತಳಿಯೇ ಮುಗಿಯಿತು. ಸೊಸೆ ವರಲಕ್ಷ್ಮಮ್ಮ ಮನೆಗೆ ಬಂದು ಆರು ವರ್ಷವಾಗಿತ್ತು. ಅವಳು ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಕೊಯ್ಯುವುದಕ್ಕಷ್ಟೇ ಲಾಯಕ್ಕು ಎಂದು ಅತ್ತೆಯ ತೀರ್ಮಾನ.

ಇಂಥ ಗಟ್ಟಿಗಿತ್ತಿಯನ್ನೂ ಚಳಿ ಮಾತ್ರ ಹೈರಾಣ ಮಾಡುತ್ತಿತ್ತು. ಧನುರ್ಮಾಸ ಬಂತೆಂದರೆ ಗೂರಲು. ಕೂತರೂ ಉಸಿರಿಲ್ಲ, ಮಲಗಿದರೂ ನಿದ್ದೆಯಿಲ್ಲ. ೧೯೫೮ರ ಚಳಿಗಾಲದಲ್ಲಿ, ಮದರಾಸಿನ ಬಂದರಿನಲ್ಲಿ ಗುಮಾಸ್ತನಾಗಿದ್ದ ತಮ್ಮ ಕೋನಪ್ಪ ಬಂದವನು ಅಕ್ಕನ ಸ್ಥಿತಿ ನೋಡಿ ಗಾಬರಿಯಾದ. ಅಂಡಮಾನಿಗೆ ಹೋಗಿ ಬರುವ ಹಡಗಿದೆ, ಸಮುದ್ರದ ಮೇಲೆ ಚಳಿಯ ಸುಳಿವೇ ಇಲ್ಲ, ಹನ್ನೆರಡು ದಿನ ಬೆಚ್ಚಗೆ ಇದ್ದು ಬರೋಣ ಎಂದು ಹಟ ಹಿಡಿದ.

ಆಗ ತಾನೇ ಚಿಟ್ಟೆಗಳು ಮೊಟ್ಟೆ ಇಟ್ಟಿದ್ದವು. ಧನುರ್ಮಾಸದ ಚಳಿಗೆ ಅವು ಒಡೆಯಲು ಹದಿನೈದು ದಿನ ಬೇಕೇ ಬೇಕು. ಅಷ್ಟರಲ್ಲಿ ಬಂದುಬಿಡಬಹುದು, ಸರಿ. ಅಲ್ಲಿಯವರೆಗೆ ಸೊಸೆಯ ಕೈಗೆ ಕೊಡುವುದೆ? ಛೆ! ಗಂಗುಲಮ್ಮ ಮೊಟ್ಟೆಯ ಹಾಳೆಗಳನ್ನು ಬಟ್ಟೆಯಲ್ಲಿ ಸುತ್ತಿ, ಬಿದಿರುಬುಟ್ಟಿಯಲ್ಲಿಟ್ಟುಕೊಂಡು ಹಡಗು ಹತ್ತಿದಳು.

ಮೂರೇ ದಿನಕ್ಕೆ ಗೂರಲು ಎಲ್ಲಿ ಹೋಯಿತೋ! ಬಿಸಿಲಿಗೆ ಕಾಲು ಚಾಚಿ ಕೂತು, ಎಲೆಅಡಿಕೆ ಜಗಿಯುತ್ತಾ ತಮ್ಮನ ಮುಂದೆ ಸೊಸೆಯ ದೂರು ಹೇಳಿದ್ದೇ ಹೇಳಿದ್ದು. ಹಡಗು ಹಿಂತಿರುಗುತ್ತಿದ್ದಾಗ, ಒಂಬತ್ತನೆಯ ದಿನ ಬೆಳಗ್ಗೆ, ಬುಟ್ಟಿಯೊಳಗಿನ ಬಟ್ಟೆ ಬಿಚ್ಚಿ ನೋಡಿದವಳು ಹೌಹಾರಿದಳು. ಹಾಳೆಯ ತುಂಬ ಕರೀ ಕೂದಲ ಚೂರಿನಂಥ ಮರಿಗಳು ಹರಿದಾಡುತ್ತಿದ್ದವು. ಮೊಟ್ಟೆಗಳೆಲ್ಲ ಒಡೆದುಬಿಟ್ಟಿದ್ದವು. ಸುತ್ತ ಎಲ್ಲಿ ನೋಡಿದರೂ ನೀರು. ಹಿಪ್ಪುನೇರಳೆಯ ಒಂದು ಎಲೆ ಕಾಣಬೇಕಾದರೆ ಇನ್ನೂ ಮೂರು ದಿನ.

ಕೋನಪ್ಪ ಹಡಗಿನ ಅಡಿಗೆಮನೆಗೆ ಓಡಿ ದಂಟಿನ ಸೊಪ್ಪು, ಎಲೆಕೋಸು ತಂದ. ಗಂಗುಲಮ್ಮ ಸಣ್ಣಗೆ ಹೆಚ್ಚಿ ಉದುರಿಸಿದಳು. ಮರಿಗಳು ತಲೆ ಎತ್ತಿದವು, ಬೇಡವೆಂದು ಆಚೆ ಹರಿದವು. ಇನ್ನೂ ಆರು ದಿನ ಇತ್ತಲ್ಲ, ನನ್ನ ಲೆಕ್ಕ ಯಾವತ್ತೂ ತಪ್ಪಿಲ್ಲವಲ್ಲ ಎಂದು ಅವಳು ಬಡಬಡಿಸುತ್ತಲೇ ಇದ್ದಳು.

“ಬೆಚ್ಚಗಿರ್ಲಿ ಅಂತ ನಿನ್ನ ಕರ್ಕೊಂಡು ಬಂದೆ ಕಣಕ್ಕ,” ಎಂದ ಕೋನಪ್ಪ ಮೆಲ್ಲಗೆ. “ಅವಕ್ಕೂ ಬೆಚ್ಚಗಾಯ್ತು.”

ಮೂವತ್ತು ವರ್ಷ ಹುಳುಮನೆ ನಡೆಸಿದ ಗಂಗುಲಮ್ಮನಿಗೆ ಇಷ್ಟು ಹೊಳೆಯದೆ ಹೋಯಿತಲ್ಲ! ಮಾರನೆಯ ದಿನ ಮರಿಗಳ ಓಡಾಟ ನಿಧಾನವಾಯಿತು. ಮದರಾಸು ಬಿಟ್ಟು ಊರು ಸೇರುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಮನೆಗೆ ಬಂದಾಗ ಹುಳುಮನೆಯ ಬಾಗಿಲು ತೆರೆದಿತ್ತು. ಹುಳು ಸಾಕುವ ತಟ್ಟೆಗಳನ್ನೆಲ್ಲ ಸಗಣಿ ಬಳಿದು ಒಣಗಿಸಿ ಜೋಡಿಸಿತ್ತು. ಎಳೆಯ ಸೊಪ್ಪು ಒದ್ದೆ ಗೋಣಿಯಡಿ ತಣ್ಣಗಿತ್ತು. ಮರಿಗಳು ಬೆಚ್ಚಗಿರಲೆಂದು ಮೂಲೆಯಲ್ಲಿ ಬಾಂಡ್ಲಿ ತುಂಬ ಕೆಂಡ ಹದವಾಗಿ ಉರಿಯುತ್ತಿತ್ತು. ಯಾರೂ ಹೇಳಿಕೊಡದೆ ಇಷ್ಟನ್ನೂ ಮಾಡಿಟ್ಟಿದ್ದ ವರಲಕ್ಷ್ಮಮ್ಮ ಬುಟ್ಟಿ ಇಸಿದುಕೊಳ್ಳಲು ಎರಡೂ ಕೈ ಚಾಚಿದಳು.

“ನಿನ್ನ ಕೈಗೇ ಕೊಟ್ಟು ಹೋಗಿದ್ರೆ ಉಳೀತಿದ್ವು ಕಣಮ್ಮ,” ಎಂದಳು ಗಂಗುಲಮ್ಮ. “ನಾನೇ ಸಾಯಿಸ್ಬಿಟ್ಟೆ.”

ವರಲಕ್ಷ್ಮಮ್ಮ ಬಟ್ಟೆ ಸರಿಸಿ ನೋಡಿದಳು. ಒಳಗೆ ಹೋಗಿ ಕೆಂಡಕ್ಕೆ ನೀರು ಹಾಕಿದಳು.